ಹಲ್ಲಿಗೆ ಏಳು ದಿನದ ಕ್ಯೂರಿಂಗ್

ಆತುರ ಕಂಡರೆ ನನಗೆ ಭಯ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂಬಯಿಯಲ್ಲಿ ಮನೆ ಮಾಡಿಕೊಂಡು ಆತುರಕ್ಕೆ ಹೆದರುವವರು ಈ ಊರಿಗೆ ಯಾಕೆ ಬರಬೇಕಿತ್ತು ಎಂದು ನನ್ನ ಹೆಂಡತಿ ವಿಶಾಲು ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ. ಸಯನ್ ಸ್ಟೇಷನ್ನಿನಲ್ಲಿ ದಿನಾ ಬೆಳಿಗ್ಗೆ ಎರಡು ಲೋಕಲ್‌ಗಳನ್ನು ಗೌರವದಿಂದ ಬೀಳ್ಕೊಟ್ಟು ಮೂರನೆಯದಕ್ಕೆ ಹತ್ತುತ್ತಿದ್ದವನು ನಾನು. ನನ್ನ ಆಫೀಸು ಇದ್ದದ್ದು ಕುರ್ಲಾದಲ್ಲಿ, ಅಂದರೆ ಮುಂದಿನ ಸ್ಟೇಷನ್ನಿನಲ್ಲಿ. ನಮ್ಮ ಬಿಲ್ಡಿಂಗಿನಿಂದ ನನ್ನ ಜೊತೆಗೇ ಹೊರಟು ನಡೆದುಕೊಂಡು ಹೋದವರು ಎಷ್ಟೋ ದಿನ ನನಗಿಂತ ಮೊದಲೇ ತಲುಪಿ ಚಹಾ ಕುಡಿದು ಮುಗಿಸಿರುತ್ತಿದ್ದರು. ಮದುವೆಯ ದಿನ ಮೂರು ಗಂಟು ಹಾಕಿ, ಪ್ರತಿ ಗಂಟನ್ನೂ ಎರಡೆರಡು ಸಲ ಎಳೆದು ನೋಡಿದೆನಂತೆ. ಗಟ್ಟಿಮೇಳ ಊದುತ್ತಿದ್ದವನು ಉಸಿರು ಸಾಲದೆ ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದ ಎಂದು ವಿಶಾಲು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಗಂಟು ಬಿಚ್ಚಿಕೊಂಡಿಲ್ಲವಲ್ಲ ಎಂದು ನಾನು ಹೇಳುತ್ತೇನೆ.

ಈ ಸ್ವಭಾವಕ್ಕೆ ಸರಿಯಾದ ಕೆಲಸವೇ ನನಗೆ ಸಿಕ್ಕಿತ್ತು. ಕಟ್ಟಡ ಕಟ್ಟುವ ಒಂದು ಕಂಪನಿಯ ಲ್ಯಾಬಿನಲ್ಲಿ ನಾನು ಕಾಂಕ್ರೀಟ್ ಪರೀಕ್ಷೆ ಮಾಡುವವನು. ಸೈಟಿನಲ್ಲಿ ಕಲಸಿದ ಕಾಂಕ್ರೀಟನ್ನು ಸ್ವಲ್ಪ ತಂದು ಕಬ್ಬಿಣದ ಅಚ್ಚಿಗೆ ತುಂಬಿ ಚೌಕನೆಯ ಇಟ್ಟಿಗೆ ಮಾಡುವುದು. ಅದಕ್ಕೆ ಕ್ಯೂಬ್ ಎನ್ನುತ್ತೇವೆ. ಮಾರನೆಯ ದಿನ ಅಚ್ಚು ಬಿಚ್ಚಿ ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದು. ಏಳನೆಯ ದಿನ ಮೂರು ಕ್ಯೂಬ್, ಇಪ್ಪತ್ತೆಂಟನೆಯ ದಿನ ಮೂರು ಕ್ಯೂಬ್ ಮೆಷಿನ್ನಿಗೆ ಕೊಟ್ಟು ಪುಡಿಯಾಗುವವರೆಗೆ ಒತ್ತಿ, ಎಷ್ಟು ಭಾರಕ್ಕೆ ಪುಡಿಯಾಯಿತೆಂದು ರಿಜಿಸ್ಟರಿನಲ್ಲಿ ಬರೆಯುವುದು. ಕೊನೆಯ ಕಾಲಮ್ಮಿನಲ್ಲಿ, ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು ಎಂದು ಸಾಕ್ಷಿಯ ಸಹಿ. ಆ ಸಹಿ ನನ್ನದು. ಇಪ್ಪತ್ತು ವರ್ಷ ಸಾಕ್ಷಿ ಹೇಳುವುದೇ ನನ್ನ ಸಂಬಳದ ಕೆಲಸವಾಗಿತ್ತು. ಸಿಮೆಂಟಿಗೆ ಸಮಯ ಕೊಡಬೇಕು, ನೀರು ಕೊಡಬೇಕು. ಆ ನೀರುಣಿಸುವುದಕ್ಕೆ ಕ್ಯೂರಿಂಗ್ ಎಂದು ಹೆಸರು. ಇವೆರಡನ್ನು ಬಿಟ್ಟು ನನಗೆ ಬೇರೆ ಸಿದ್ಧಾಂತವಿಲ್ಲ.

ಸಿದ್ಧಾಂತ ಪುಸ್ತಕದಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಕಂತ್ರಾಟುದಾರ, ಇನ್ನೂ ಹಸಿಯಾಗಿದ್ದ ಸೂರಿನ ಸ್ಲ್ಯಾಬಿನ ತಳಕ್ಕೆ ಆತುರಾತುರವಾಗಿ ಗಾರೆ ಬಳಿಸಿದ. ವಾಸ್ತುಪೂಜೆಯ ಮುಹೂರ್ತ ಹತ್ತಿರ ಬಂದಿತ್ತು. ನಾನೂ ಚಿಕ್ಕವನು, ಆಗಲಿ ಎಂದು ಸಹಿ ಹಾಕಿದೆ. ಪೂಜೆಯ ದಿನ ನನ್ನನ್ನೂ ಕರೆದಿದ್ದರು. ಮನೆಯವರೆಲ್ಲ ಬಾಲ್ಕನಿಯಿಂದ ರೈಲು ಕಾಣುತ್ತದೋ ಇಲ್ಲವೋ ಎಂದು ನೋಡಲು ಹೋದರು. ನಾನು ಪ್ರಸಾದದ ಶಿರಾ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಆಗ ಜಮಖಾನೆಯಷ್ಟು ಅಗಲದ ಗಾರೆ, ಯಾವ ಮುನ್ಸೂಚನೆಯೂ ಇಲ್ಲದೆ, ಅವರೆಲ್ಲ ಅರ್ಧ ನಿಮಿಷ ಮುಂಚೆ ಕೂತಿದ್ದ ಮೇಜಿನ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಧೂಳು ಕೂತ ಮೇಲೆ ನೋಡಿದರೆ ನನ್ನ ಶಿರಾ ಬಿಳಿಯ ಬಣ್ಣಕ್ಕೆ ತಿರುಗಿತ್ತು. ಆವತ್ತಿನಿಂದ ಯಾರಾದರೂ 'ಇವತ್ತೇ ಮುಗಿಸಿಬಿಡೋಣ' ಎಂದರೆ ನನ್ನ ಕಣ್ಣು ತಾನಾಗಿ ಸೂರಿನ ಕಡೆ ಹೋಗುತ್ತದೆ.

ಇನ್ನು ಹಲ್ಲಿನ ವಿಷಯ. ನಲವತ್ತೆಂಟು ವರ್ಷದವರೆಗೆ ನನ್ನ ಮೂವತ್ತೆರಡು ಹಲ್ಲೂ ಭದ್ರವಾಗಿದ್ದವು. ಇದು ದೊಡ್ಡ ಸಾಧನೆಯೇನಲ್ಲ. ಆದರೆ ನನ್ನ ಹೆಂಡತಿಯ ಅಣ್ಣ ಶ್ರೀಕಂಠ ಭಾವನಿಗೆ ನಲವತ್ತೆರಡಕ್ಕೇ ಕಟ್ಟಿಸಿದ ಹಲ್ಲಿನ ಪೂರ್ತಿ ಸೆಟ್ಟು ಬಂದುಬಿಟ್ಟಿದ್ದರಿಂದ ಸಾಧನೆಯಾಯಿತು. ಭಾವ ಬಾಂದ್ರಾದಲ್ಲಿ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ. ಪ್ರತಿ ವರ್ಷ ಸಂಕ್ರಾಂತಿಯ ಮಧ್ಯಾಹ್ನ ನಾವು ಅಲ್ಲಿಗೆ ಊಟಕ್ಕೆ ಹೋಗುವುದು, ಊಟವಾದ ಮೇಲೆ ಎಳ್ಳು ಬೆಲ್ಲ ಹಂಚಿದ ನಂತರ ನಾನು ಒಂದು ಇಡೀ ಕಬ್ಬಿನ ಜಲ್ಲೆಯನ್ನು ಎಲ್ಲರೆದುರು ಹಲ್ಲಿನಲ್ಲೇ ಸಿಗಿದು ತಿನ್ನುವುದು ಪದ್ಧತಿಯಾಗಿತ್ತು. ಭಾವ ಎದುರಿಗೆ ಕೂತು, ಚಾಕುವಿನಲ್ಲಿ ಹೆಚ್ಚಿದ ಕಬ್ಬಿನ ಸಣ್ಣ ಹೋಳುಗಳನ್ನು ಒಂದೊಂದಾಗಿ ಹೀರುತ್ತ ನೋಡುತ್ತಿದ್ದ. ಒಂದು ವರ್ಷ ಅವನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಒಂದು ಹೊಸ ಸ್ಟೀಲ್ ಲೋಟ ತಂದು ನನ್ನ ಮುಂದಿಟ್ಟ. ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ ಕೆತ್ತಿಸಿದ್ದ: 'ವೆಂಕಟೇಶಯ್ಯನವರ ಹಲ್ಲಿಗೆ'. ಕೆಳಗೆ ತಾರೀಖಿಗೆಂದು ಜಾಗ ಖಾಲಿ ಬಿಟ್ಟಿದ್ದ.

"ನಂದು ರಾತ್ರಿ ಯಾವ ಲೋಟದಲ್ಲಿ ಮಲಗುತ್ತೋ, ಅದರ ಜೋಡಿ ಇದು ಭಾವ," ಎಂದ. "ಪಕ್ಕದಲ್ಲೇ ಇಟ್ಟಿರ್ತೀನಿ. ಆತುರ ಇಲ್ಲ. ನಿಮಗೆ ಆತುರ ಆಗಲ್ಲ ಅಂತ ಗೊತ್ತು."

ಆ ಲೋಟ ಐದು ವರ್ಷ ಅವನ ಮನೆಯ ಶೆಲ್ಫಿನಲ್ಲಿ ಖಾಲಿ ಕೂತು ನನ್ನ ಕಡೆ ನೋಡುತ್ತಿತ್ತು. ಆಮೇಲೆ ಒಂದು ವರ್ಷ, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಸಂಕ್ರಾಂತಿಗೆ ಸರಿಯಾಗಿ ಹದಿನೆಂಟು ದಿನ ಇರುವಾಗ ನನ್ನ ಹಲ್ಲು ಮುರಿಯಿತು.

ಹೇಗೆ ಮುರಿಯಿತು ಎನ್ನುವಲ್ಲಿ ಸಾಕ್ಷಿ ಸ್ವಲ್ಪ ಎಡವಿದ್ದಾನೆ. ಮುರಿದದ್ದು ಕೋಡುಬಳೆಯಿಂದ. ವಿಶಾಲು ಮಾಡಿದ ಕೋಡುಬಳೆ. ಅವಳ ಕೋಡುಬಳೆಗೆ ಸಯನ್, ಮಾಟುಂಗಾ ಎರಡೂ ಕಡೆ ಹೆಸರಿತ್ತು. ಆ ಸಲ ಅದು ಬಾಣಲೆಯಲ್ಲಿ ಒಂದು ಹದ ಮುಂದೆ ಹೋಗಿತ್ತು ಎಂದು ಮಾತ್ರ ಹೇಳುತ್ತೇನೆ. ಆಫೀಸಿಗೆ ಜೇಬಿನಲ್ಲಿ ಹಾಕಿಕೊಂಡು ಹೋದದ್ದನ್ನು ಮೆಷಿನ್ನಿನ ಪಕ್ಕದಲ್ಲಿ ನಿಂತು ಕಚ್ಚಿದೆ. ಟಕ್ ಎಂದಿತು. ಕೋಡುಬಳೆ ಹಾಗೇ ಇತ್ತು. ಮೇಲಿನ ಸಾಲಿನಲ್ಲಿ, ಎಡಗಡೆ, ಕೋರೆಹಲ್ಲಿನ ಪಕ್ಕದ ಹಲ್ಲು ಅರ್ಧ ನನ್ನ ಅಂಗೈಗೆ ಬಂತು. ಸಂಜೆ ಮನೆಗೆ ಹೋಗಿ ವಿಶಾಲುಗೆ, "ಕ್ಯಾಂಟೀನಿನ ಅನ್ನದಲ್ಲಿ ಕಲ್ಲಿತ್ತು," ಎಂದೆ. ನನ್ನ ಜೀವನದಲ್ಲಿ ಅಷ್ಟು ಬೇಗ ನಾನು ಯಾವ ತೀರ್ಮಾನಕ್ಕೂ ಬಂದವನಲ್ಲ. ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ, ಮಾರನೆಯ ದಿನದಿಂದ ನನ್ನ ಕ್ಯಾಂಟೀನ್ ಊಟ ಬಂದ್ ಮಾಡಿಸಿ, ಐದು ಗಂಟೆಗೇ ಎದ್ದು ನನಗೆ ಡಬ್ಬಿ ಕಟ್ಟತೊಡಗಿದಳು. ಮೆತ್ತಗೆ ಕಲಸಿದ ಮೊಸರನ್ನ, ಬೇಯಿಸಿ ಹಿಚುಕಿದ ಆಲೂಗಡ್ಡೆ. ನಿರಪರಾಧಿ ಕ್ಯಾಂಟೀನಿನವನು ನನ್ನನ್ನು ಕಂಡಾಗಲೆಲ್ಲ, "ಸಾಹೇಬ್, ಜೇವಾಯ್ಲಾ ಕಾ ಯೇತ್ ನಾಹೀ?" ಎಂದು ಪ್ರೀತಿಯಿಂದ ಊಟಕ್ಕೆ ಕರೆಯುತ್ತಿದ್ದ. ನಾನು ನೆಲ ನೋಡುತ್ತಿದ್ದೆ.

ಸುದ್ದಿ ಬಾಂದ್ರಾಕ್ಕೆ ಮುಟ್ಟಲು ಒಂದು ದಿನವೂ ಹಿಡಿಯಲಿಲ್ಲ. ಕೆಳಗಿನ ಮನೆಯವರ ಫೋನಿಗೆ ಭಾವ ಫೋನ್ ಮಾಡಿ, ನನ್ನನ್ನು ಕರೆಯಬೇಕಾಗಿಲ್ಲ, ಒಂದು ಮಾತು ಹೇಳಿದರೆ ಸಾಕು ಎಂದನಂತೆ. ಆ ಮನೆಯ ಹೆಂಗಸು ಮೆಟ್ಟಿಲು ಹತ್ತಿ ಬಂದು ಆ ಮಾತನ್ನು ಒಪ್ಪಿಸಿದರು: "ನಿಮ್ಮ ಭಾವ ಲೋಟ ತೊಳೆದಿಟ್ಟಿದಾರಂತೆ."

ನಮ್ಮ ಮನೆಯ ಹತ್ತಿರ, ಒಂದು ಉಡುಪಿ ಹೋಟೆಲಿನ ಮೇಲ್ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದರು. ಮಂಗಳೂರು ಕಡೆಯವರು, ವಯಸ್ಸು ಚಿಕ್ಕದು, ಕೈ ಚುರುಕು. ಹೋದ ತಕ್ಷಣ ಬಾಯಿ ತೆರೆಸಿ, ಕನ್ನಡಿ ಆಡಿಸಿ, ಚಿಮಟದಲ್ಲಿ ಹಲ್ಲಿನ ಗುಳಿಯಿಂದ ಏನನ್ನೋ ಹೊರತೆಗೆದು ಬೆಳಕಿಗೆ ಹಿಡಿದರು.

"ಎಂತ ತಿಂದದ್ದು ನೀವು?"

"ಅನ್ನದಲ್ಲಿ ಕಲ್ಲು," ಎಂದೆ.

"ಕಲ್ಲಾ?" ಎಂದು ಇನ್ನೊಮ್ಮೆ ನೋಡಿ, ಅದನ್ನು ಹತ್ತಿಯ ಮೇಲೆ ಇಟ್ಟರು. "ಆಳಕ್ಕೆ ಮುರಿದಿದೆ ಮಾರಾಯ್ರೇ. ನರಕ್ಕೆ ಹತ್ತಿರ ಉಂಟು. ಮೊದಲು ಒಳಗೆ ಸಿಮೆಂಟ್ ಹಾಕಿ ಮುಚ್ಚುವಾ. ಅದರ ಮೇಲೆ ಹಲ್ಲಿನದ್ದೇ ಬಣ್ಣದ ಫಿಲ್ಲಿಂಗ್. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಇವತ್ತೇ ಮುಗಿಸಿ ಕೊಡ್ತೇನೆ."

ಎರಡು ಪದ ಒಟ್ಟಿಗೆ ನನ್ನ ಕಿವಿಗೆ ಬಿದ್ದವು: ಸಿಮೆಂಟ್, ಇವತ್ತೇ. ನಾನು ಸೂರಿನ ಕಡೆ ನೋಡಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಡಾಕ್ಟರಮ್ಮ ಅದನ್ನು ಇಂಜೆಕ್ಷನ್ನಿನ ಭಯವೆಂದುಕೊಂಡು ಭುಜ ತಟ್ಟಿದರು. ನಾನು ಬಾಯಿಯ ಹತ್ತಿ ತೆಗೆದು, ಸಿಮೆಂಟ್ ಹಾಕಿದ ಮೇಲೆ ಎಷ್ಟು ಹೊತ್ತು ಬಿಡುತ್ತೀರಿ ಎಂದು ಕೇಳಿದೆ.

"ಐದು ನಿಮಿಷ."

"ಐದು ದಿನವಾ?"

"ನಿಮಿಷ. ನೀವು ಬಾಯಿ ತೆರೀರಿ."

ಆಕೆ ಗಾಜಿನ ಹಲಗೆಯ ಮೇಲೆ ಬಿಳಿ ಪುಡಿ ಹಾಕಿ, ಬಾಟಲಿಯಿಂದ ತೊಟ್ಟು ಬಿಟ್ಟು ಕಲಸತೊಡಗಿದರು. ಪುಡಿ ಎಷ್ಟು, ದ್ರವ ಎಷ್ಟು ಎಂದು ಕೇಳಿದೆ. "ಅದು ಅಂದಾಜು ಕೈಗೆ ಗೊತ್ತಾಗ್ತದೆ," ಎಂದರು. ನಮ್ಮ ಲ್ಯಾಬಿನಲ್ಲಿ ಅಂದಾಜು ಎಂದವನಿಗೆ ಆ ದಿನ ಬಾಯಿ ತೆರೆಯಲು ಬಿಡುವುದಿಲ್ಲ. ಇಲ್ಲಿ ಬಾಯಿ ತೆರೆದು ಕೂತಿದ್ದವನು ನಾನು. ಸಿಮೆಂಟ್ ಒಳಗೆ ಹೋಯಿತು. ಐದು ನಿಮಿಷವಾಯಿತು, ನಾನು ಗಡಿಯಾರ ನೋಡುತ್ತಿದ್ದೆ. ಆಕೆ ಪಿಸ್ತೂಲಿನ ಆಕಾರದ ಒಂದು ಹೊಸ ಯಂತ್ರವನ್ನು ಕೈಗೆತ್ತಿಕೊಂಡು, ಮೇಲಿನ ಫಿಲ್ಲಿಂಗನ್ನು ಇದರ ಬೆಳಕಿನಿಂದ ಗಟ್ಟಿ ಮಾಡುವುದು, ಒಂದೊಂದು ಪದರಕ್ಕೆ ನಲವತ್ತು ಸೆಕೆಂಡ್ ಸಾಕು ಎಂದರು. ನಲವತ್ತು ಸೆಕೆಂಡ್! ನಾನು ಕುರ್ಚಿಯಲ್ಲಿ ಎದ್ದು ಕೂತೆ.

ಎದ್ದು ಕೂತವನು ಮಾತಾಡಿದೆ. ನನಗೆ ಅಷ್ಟು ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಏಳು ದಿನ, ಇಪ್ಪತ್ತೆಂಟು ದಿನ, ತೊಟ್ಟಿಯ ನೀರು, ಪೂಜೆಯ ದಿನ ಬಿದ್ದ ಗಾರೆ, ಬಿಳಿಯಾದ ಶಿರಾ, ಎಲ್ಲವನ್ನೂ ಹೇಳಿದೆ. ಕೆಳಗಿನದು ಇನ್ನೂ ಹಸಿಯಾಗಿರುವಾಗ ಮೇಲಿನದನ್ನು ಹಚ್ಚಿದರೆ ಒಂದಲ್ಲ ಒಂದು ದಿನ ಕಳಚಿಕೊಳ್ಳಲೇಬೇಕು, ಅದು ಮನೆಯ ಸೂರಾದರೂ ಅಷ್ಟೆ, ಬಾಯಿಯಾದರೂ ಅಷ್ಟೆ ಎಂದೆ. "ಇದು ನಿಮ್ಮ ಬಿಲ್ಡಿಂಗಿನ ಸಿಮೆಂಟ್ ಅಲ್ಲ ಮಾರಾಯ್ರೇ," ಎಂದರು. "ಹೆಸರು ಸಿಮೆಂಟೇ ತಾನೆ?" ಎಂದೆ.

ಆಮೇಲೆ ನಡೆದದ್ದನ್ನು ನಾನು ಕಂಡದ್ದು ಕಂಡ ಹಾಗೆ ಹೇಳುತ್ತೇನೆ. ಡಾಕ್ಟರಮ್ಮ ಆ ಪಿಸ್ತೂಲನ್ನು ತಮ್ಮ ಎಡ ಅಂಗೈಗೆ ಹಿಡಿದು ಗುಂಡಿ ಒತ್ತಿದರು. ಗುರ್ ಎಂದು ಸದ್ದಾಯಿತು. ಅಂಗೈಯನ್ನು ನೋಡಿಕೊಂಡರು. ಎರಡನೆಯ ಸಲ ಒತ್ತಿದರು, ಅಂಗೈಯನ್ನು ನೋಡಿಕೊಂಡರು. ಸಹಾಯಕಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಆಕೆ ಗೋಡೆಯ ಪ್ಲಗ್ಗನ್ನು ಕಿತ್ತು ಮತ್ತೆ ಚುಚ್ಚಿದಳು. ಮೂರನೆಯ ಸಲ ಒತ್ತಿ, ಡಾಕ್ಟರಮ್ಮ ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಮುಖದಲ್ಲಿ ಆಳವಾದ ಯೋಚನೆಯಿತ್ತು. ನನ್ನ ವಾದ ಕೆಲಸ ಮಾಡುತ್ತಿದೆ ಎಂದುಕೊಂಡೆ. ಕೊನೆಗೆ ಪಿಸ್ತೂಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, ತುಂಬ ಮೃದುವಾದ ದನಿಯಲ್ಲಿ, "ನೀವು ಹೇಳುದೂ ಸರಿಯೇ. ಒಂದು ವಾರ ಬಿಡುವಾ," ಎಂದರು.

ಇಪ್ಪತ್ತು ವರ್ಷದಲ್ಲಿ ಒಬ್ಬ ಕಂತ್ರಾಟುದಾರನೂ ಅಷ್ಟು ಬೇಗ ನನ್ನ ಮಾತನ್ನು ಒಪ್ಪಿದವನಲ್ಲ. ಮೆಟ್ಟಿಲಿಳಿದು ಕೆಳಗಿನ ಹೋಟೆಲಿನ ಮುಂದೆ ಬಂದಾಗ ನನಗೆ ಆ ರಸ್ತೆ ಸ್ವಲ್ಪ ಅಗಲವಾದ ಹಾಗೆ ಕಂಡಿತು. ವಿದ್ಯೆ ಕಲಿತವರು ಒಂದು ಸಣ್ಣ ಲ್ಯಾಬಿನ ಮನುಷ್ಯನ ಮಾತಿಗೆ ಬೆಲೆ ಕೊಟ್ಟರಲ್ಲ ಎಂದು ಕಣ್ಣು ತುಂಬಿ ಬಂತು. ಮನೆಗೆ ಹೋಗಿ ವಿಶಾಲುಗೆ ಹೇಳಿದೆ. "ಡಾಕ್ಟ್ರು ನಿಮ್ಮ ಮಾತು ಕೇಳಿದರಾ?" ಎಂದು ಅವಳು ಎರಡು ಸಲ ಕೇಳಿದಳು. ಎರಡನೆಯ ಸಲ ದನಿಯಲ್ಲಿ ಅನುಮಾನವಿತ್ತು.

ಒಂದು ಗಂಟೆ ಏನೂ ಕುಡಿಯಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಅರವತ್ತು ನಿಮಿಷ ಕುಡಿಯಲಿಲ್ಲ. ಅರವತ್ತೊಂದನೆಯ ನಿಮಿಷ ಕ್ಯೂರಿಂಗ್ ಶುರುಮಾಡಿದೆ. ಮಗಳು ಸ್ಕೂಲಿಗೆ ಒಯ್ಯುತ್ತಿದ್ದ ಹಳೆಯ ನೀರಿನ ಬಾಟಲಿಯೊಂದಿತ್ತು, ಕೆಂಪು ಬಣ್ಣದ್ದು, ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿಯಿದ್ದದ್ದು. ಅದನ್ನು ನೇತುಹಾಕಿಕೊಂಡು, ಅರ್ಧ ಗಂಟೆಗೊಂದು ಗುಟುಕು ನೀರನ್ನು ಎಡಗಡೆಯ ಹಲ್ಲಿನ ಬಳಿ ಎರಡು ನಿಮಿಷ ನಿಲ್ಲಿಸಿ ನುಂಗುವುದು. ಸೈಟಿನಲ್ಲಿ ಕಂಬಗಳಿಗೆ ಒದ್ದೆ ಗೋಣಿತಾಟು ಸುತ್ತುತ್ತೇವೆ. ನಾನು ತುಟಿಯ ಒಳಗೆ ಒದ್ದೆ ಹತ್ತಿ ಇಟ್ಟುಕೊಂಡೆ. ಲೋಕಲ್‌ನಲ್ಲಿ ಜನ ನನ್ನ ಉಬ್ಬಿದ ಕೆನ್ನೆಯನ್ನೂ ಬಾಟಲಿಯನ್ನೂ ನೋಡಿ ಜಾಗ ಬಿಟ್ಟುಕೊಡತೊಡಗಿದರು. ಒಬ್ಬ ಗುಜರಾತಿ ಮುದುಕರು "ಶುಗರ್ ಹೈ ಕ್ಯಾ?" ಎಂದು ವಿಚಾರಿಸಿ, ಹಾಗಲಕಾಯಿ ರಸದ ವಿಧಾನ ಹೇಳಿದರು. ಬಾಯಲ್ಲಿ ನೀರಿದ್ದುದರಿಂದ ನಾನು ತಲೆಯಾಡಿಸಿದೆ. ಮಾರನೆಯ ದಿನ ಒಂದು ಸೀಸೆ ರಸವನ್ನೇ ತಂದುಕೊಟ್ಟರು. ಲ್ಯಾಬಿನಲ್ಲಿ ಮೆಷಿನ್ ನಡೆಸುತ್ತಿದ್ದ ಪೆಡ್ನೇಕರ್ ಮಾತ್ರ ಎಲ್ಲವನ್ನೂ ಅರ್ಥ ಮಾಡಿಕೊಂಡ. "ಸಾಹೇಬ್," ಎಂದ ಅವನು ತೊಟ್ಟಿಯ ಕಡೆ ಕೈ ತೋರಿಸಿ, "ನೀವು ಇದರಲ್ಲೇ ಒಂದು ವಾರ ಕೂತುಬಿಟ್ಟರೆ ಸುಲಭ." ಅವನು ಮರಾಠಿಯಲ್ಲಿ ಹೇಳಿದ್ದು ಇದಕ್ಕಿಂತ ಸ್ವಲ್ಪ ಒರಟಾಗಿತ್ತು.

ಏಳನೆಯ ದಿನ ಹೋದೆ. ಡಾಕ್ಟರಮ್ಮ ಹಲ್ಲು ನೋಡಿ, ಸಿಮೆಂಟ್ ಗಟ್ಟಿ ಕೂತಿದೆ, ನೋವೂ ಇಲ್ಲವಲ್ಲ, ಒಳ್ಳೆಯದಾಯಿತು ಎಂದರು. ನಾನು ವಿನಯದಿಂದ ಕಣ್ಣು ಮುಚ್ಚಿದೆ. ಪಿಸ್ತೂಲಿನ ಗುಂಡಿ ಒತ್ತಿದರು. ಈ ಸಲ ಅದರ ಮೂತಿಯಿಂದ ನೀಲಿ ಬೆಳಕು ಬಂತು; ಕೃಷ್ಣನ ಕ್ಯಾಲೆಂಡರಿನಲ್ಲಿ ಇರುವಂಥ ನೀಲಿ. ಪದರದ ಮೇಲೆ ಪದರ ಕೂತಿತು. ಕನ್ನಡಿ ಕೊಟ್ಟರು. ನನ್ನ ಹಳೆಯ ಹಲ್ಲೇ ತಪ್ಪೊಪ್ಪಿಕೊಂಡು ವಾಪಸು ಬಂದ ಹಾಗಿತ್ತು. "ಕಬ್ಬುಗಿಬ್ಬು ಈ ಹಲ್ಲಲ್ಲಿ ಬೇಡ ಮತ್ತೆ," ಎಂದರು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ: ಸಂಕ್ರಾಂತಿಗೆ ಇನ್ನು ಹತ್ತು ದಿನ. ಕೆಳಗಿನದಕ್ಕೆ ಹದಿನೇಳು ದಿನ ತುಂಬುತ್ತದೆ, ಮೇಲಿನದಕ್ಕೆ ಹತ್ತು. ಇಪ್ಪತ್ತೆಂಟು ದಿನದ ಪೂರ್ತಿ ಬಲ ಇಲ್ಲ ನಿಜ. ಏಳು ದಿನದ ಬಲ ಖಂಡಿತ ಇದೆ. ಬಾಂದ್ರಾದ ಲೋಟಕ್ಕೆ ಅಷ್ಟು ಸಾಕು.

ಸಂಕ್ರಾಂತಿ ಬಂತು. ಭಾವ ಮಾಟುಂಗಾದ ಮಾರ್ಕೆಟ್ಟಿನಿಂದ ತಾನೇ ಹೋಗಿ ಆರಿಸಿ ತಂದ ಜಲ್ಲೆ, ಅವನ ಎತ್ತರದ್ದು, ಗಿಣ್ಣು ಹತ್ತಿರ ಹತ್ತಿರ ಇದ್ದದ್ದು. ಊಟದಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಎಳ್ಳು ಬೆಲ್ಲವಾಯಿತು. ಭಾವ ಶೆಲ್ಫಿನಿಂದ ಲೋಟ ತಂದು ನನ್ನ ಮುಂದೆ ಸದ್ದಾಗುವ ಹಾಗೆ ಇಟ್ಟ. ಥಳಥಳ ಹೊಳೆಯುತ್ತಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿಸಿದ್ದ.

"ಬಲವಂತ ಇಲ್ಲ ಭಾವ. ಹೋಳು ಹೆಚ್ಚಿಸಿ ಕೊಡ್ಲಾ? ಹೀರಬಹುದು. ಅಭ್ಯಾಸ ಆಗುತ್ತೆ."

ವಿಶಾಲು ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆಯ ಜೊತೆ ನಿಂತಿದ್ದಳು. ನಾನು ಜಲ್ಲೆ ಕೈಗೆತ್ತಿಕೊಂಡೆ. ನಮ್ಮ ಮೆಷಿನ್ನಿನಲ್ಲಿ ಕ್ಯೂಬಿನ ಮೇಲೆ ಭಾರವನ್ನು ಒಮ್ಮೆಗೇ ಹೇರುವುದಿಲ್ಲ. ಜರ್ಕು ಕೊಡದೆ ಒಂದೇ ಸಮನೆ ಏರಿಸುತ್ತ ಹೋಗಬೇಕು. ಹಾಗೇ ಮಾಡಿದೆ. ಜಲ್ಲೆಯ ಅಂಚನ್ನು ಆ ಹಲ್ಲಿಗೇ ಕೊಟ್ಟು, ದವಡೆಯನ್ನು ನಿಧಾನವಾಗಿ ಒತ್ತುತ್ತ ಬಂದೆ. "ಏನ್ ಭಾವ, ಕಬ್ಬಿನ ಹತ್ರ ಗುಟ್ಟು ಹೇಳ್ತಿದೀರಾ?" ಎಂದ. ನಾನು ಒತ್ತಿದೆ. ಚರ್ ಎಂದು ಸದ್ದಾಯಿತು. ಸದ್ದು ಯಾವುದರದು, ಕಬ್ಬಿನದೋ ಹಲ್ಲಿನದೋ ನನಗೂ ತಿಳಿಯಲಿಲ್ಲ. ನಾಲಿಗೆಯನ್ನು ಕಳಿಸಿ ನೋಡಿದೆ. ಹಲ್ಲು ಇತ್ತು, ಮೂಲೆ ಇತ್ತು, ನುಣುಪು ಇತ್ತು. ಜಲ್ಲೆಯನ್ನು ಪಕ್ಕಕ್ಕೆ ಎಳೆದೆ. ಗೇಣುದ್ದದ ಸಿಪ್ಪೆ, ಒಂದೇ ಪಟ್ಟಿಯಾಗಿ, ಕಳಚಿ ಬಂತು. ಬಾಯಿ ತುಂಬ ರಸ. ನಾನು ಎರಡನೆಯ ಸಿಪ್ಪೆ ತೆಗೆದೆ, ಮೂರನೆಯದು ತೆಗೆದೆ. ಗಿಣ್ಣಿನ ಹತ್ತಿರವೂ ನಿಲ್ಲಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಸ್ವಲ್ಪ ವೇಗವಾಗಿ ಒಂದು ಕೆಲಸ ಮಾಡಿದೆ. ಹದಿನೈದು ನಿಮಿಷದಲ್ಲಿ ನನ್ನ ಮುಂದೆ ಸಿಪ್ಪೆಯ ರಾಶಿ ಇತ್ತು, ಭಾವನ ಮುಂದೆ ಖಾಲಿ ಲೋಟ ಇತ್ತು.

"ಈಗ ಇದರಲ್ಲಿ ಏನು ಹಾಕಿ ಕೊಡಲಿ?" ಎಂದ ಭಾವ, ಸೋತವನ ದನಿಯಲ್ಲಿ.

"ಕಾಫಿ," ಎಂದೆ. "ಬಿಸಿಯಾಗಿರಲಿ."

ಅವನೇ ಹೋಗಿ ತಂದುಕೊಟ್ಟ. 'ವೆಂಕಟೇಶಯ್ಯನವರ ಹಲ್ಲಿಗೆ' ಎಂದು ಕೆತ್ತಿದ ಲೋಟದಲ್ಲಿ, ನನ್ನ ಸ್ವಂತ ಹಲ್ಲುಗಳಿಂದ, ಅಂದರೆ ಮೂವತ್ತೊಂದೂವರೆ ಸ್ವಂತ ಹಲ್ಲುಗಳಿಂದ, ನಾನು ಕಾಫಿ ಕುಡಿದೆ. ಕುಡಿಯುತ್ತ, ಈ ವಿಜಯದ ಹಿಂದಿನ ಶಾಸ್ತ್ರವನ್ನು ಅವರಿಗೆ ವಿವರಿಸಿದೆ. ಆಧುನಿಕ ಡಾಕ್ಟರುಗಳಿಗೆ ಕ್ಯೂರಿಂಗ್ ಗೊತ್ತಿಲ್ಲ, ಹೇಳಿಕೊಟ್ಟರೆ ಕಲಿಯುತ್ತಾರೆ, ಆ ಹುಡುಗಿ ನನ್ನ ಮಾತು ಕೇಳಿ ಕಿಟಕಿಯ ಹೊರಗೆ ನೋಡುತ್ತ ಎಷ್ಟು ಹೊತ್ತು ಯೋಚಿಸಿದಳು ಗೊತ್ತೇ, ಎಂದೆಲ್ಲ ಹೇಳಿದೆ. ಭಾವ ತಲೆ ತಗ್ಗಿಸಿ ಕೇಳಿದ. ಬಾಗಿಲಲ್ಲಿ ವಿಶಾಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಹೆಮ್ಮೆಗೆ ಅಳು ಬಂದಿದೆ ಎಂದುಕೊಂಡೆ.

ಬಾಂದ್ರಾದಿಂದ ಸಯನ್‌ಗೆ ಡಬಲ್ ಡೆಕರ್ ಬಸ್ಸಿನಲ್ಲಿ ವಾಪಸು ಹೊರಟೆವು. ಮೇಲ್ಮಹಡಿಯ ಮುಂದಿನ ಸೀಟು ಸಿಕ್ಕಿತು. ನಾನು ಗೆದ್ದ ಊರನ್ನು ನೋಡಿಕೊಂಡು ಹೋಗುವವನ ಹಾಗೆ ಕೂತಿದ್ದೆ.

"ಬೆಳಿಗ್ಗೆ ಡಾಕ್ಟರಮ್ಮನಿಗೆ ಎಳ್ಳು ಬೀರೋಕೆ ಹೋಗಿದ್ದೆ," ಎಂದಳು ವಿಶಾಲು.

"ಒಳ್ಳೇದು ಮಾಡಿದೆ."

"ನಿಮಗೆ ತುಂಬಾ ಥ್ಯಾಂಕ್ಸ್ ಹೇಳಿದರು. ಅವತ್ತು ಆ ನೀಲಿ ದೀಪದ ಬಲ್ಬು ಸುಟ್ಟುಹೋಗಿತ್ತಂತೆ. ಹೊಸ ಮೆಷಿನ್ನು, ಬಲ್ಬು ಫೋರ್ಟಿನ ಅಂಗಡಿಗೆ ಹೇಳಿ ತರಿಸಬೇಕು, ಒಂದು ವಾರ ಆಗುತ್ತೆ. ಬಂದವರಿಗೆ ಹೇಗಪ್ಪಾ ಹೇಳೋದು ಅಂತ ನಾಚಿಕೆ ಪಟ್ಕೊಂಡು ನಿಂತಿದ್ದರಂತೆ. ಅಷ್ಟರಲ್ಲಾಗಲೇ ನೀವೇ ಒಂದು ವಾರ ಬಿಡಿ ಬಿಡಿ ಅಂತ ಕೂಗಾಡಿದ್ರಂತೆ."

ಬಸ್ಸು ಧಾರಾವಿಯ ತಿರುವಿನಲ್ಲಿ ವಾಲಿತು. ಮೂರು ಸಲ ಒತ್ತಿದ ಗುಂಡಿ, ಎರಡು ಸಲ ನೋಡಿಕೊಂಡ ಕತ್ತಲ ಅಂಗೈ, ಕಿತ್ತು ಚುಚ್ಚಿದ ಪ್ಲಗ್ಗು, ಎಲ್ಲವೂ ನನ್ನ ಕಣ್ಣ ಮುಂದೆ ಒಂದೊಂದಾಗಿ ಸಾಲಾಗಿ ನಿಂತವು. ಒಂದನ್ನೂ ನಾನು ನೋಡದೆ ಬಿಟ್ಟಿರಲಿಲ್ಲ.

"ಹಾಗಾದರೆ ಏಳು ದಿನ?"

"ಐದು ನಿಮಿಷ ಸಾಕಿತ್ತಂತೆ."

"ನಾನು ಕುಡಿದ ನೀರು?"

"ಹಲ್ಲಿಗೆ ಅದರಿಂದ ಏನೂ ಇಲ್ವಂತೆ. ಹೊಟ್ಟೆಗೆ ಒಳ್ಳೇದು ಅಂದರು." ಅವಳು ನನ್ನ ಕಡೆ ತಿರುಗಿದಳು. "ಇನ್ನೊಂದು ಕೇಳಿದರು. ನಿಮ್ಮವರ ಆಫೀಸಿನ ಕ್ಯಾಂಟೀನಲ್ಲಿ ಕಲ್ಲಿಗೆ ಇಂಗು, ಓಮ ಎಲ್ಲ ಹಾಕಿ ಕರೀತಾರಾ ಅಂತ."

ನಾನು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದೆ. ಡಾಕ್ಟರಮ್ಮ ಅವತ್ತು ಯಾಕೆ ಹಾಗೆ ನೋಡಿದರೆಂದು ಆಗ ನನಗೆ ಚೆನ್ನಾಗಿ ಅರ್ಥವಾಯಿತು.

"ಇದನ್ನೆಲ್ಲ ಅಲ್ಲೇ, ನಿಮ್ಮ ಅಣ್ಣನ ಎದುರಿಗೇ ಹೇಳಬಹುದಿತ್ತಲ್ಲ," ಎಂದೆ ಕೊನೆಗೆ.

"ಹೇಳಿದ್ದರೆ ಕಚ್ಚೋ ಧೈರ್ಯ ಬರ್ತಿತ್ತಾ ನಿಮಗೆ? ಐದು ನಿಮಿಷದ ಹಲ್ಲು ಅಂತ ಗೊತ್ತಾಗಿದ್ದರೆ ಕಬ್ಬನ್ನ ಮುಟ್ತಾನೂ ಇರಲಿಲ್ಲ. ಆ ಲೋಟ ನೋಡಿ ನೋಡಿ ನನಗೂ ಸಾಕಾಗಿತ್ತು." ಅವಳು ಚೀಲದೊಳಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದಳು. "ನಾಳೆಯಿಂದ ಡಬ್ಬಿ ಇಲ್ಲ. ಕ್ಯಾಂಟೀನಿನವನಿಗೆ ಒಂದು ನಮಸ್ಕಾರ ಮಾಡಿ ಅಲ್ಲೇ ಊಟ ಮಾಡಿ. ಈಗ ಇದನ್ನ ಕಚ್ಚಿ ನೋಡಿ. ನಿಜವಾದ ಸಾಕ್ಷಿ ಬೇಕು ನನಗೆ."

ಪೊಟ್ಟಣದಲ್ಲಿ ಕೋಡುಬಳೆ. ನನ್ನ ಕುತ್ತಿಗೆಯಲ್ಲಿ ಕೆಂಪು ಬಾಟಲಿ ಇನ್ನೂ ಇತ್ತು. ನೀರಿನಲ್ಲಿ ಅದ್ದಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಅದ್ದಲಿಲ್ಲ. ಆ ಹಲ್ಲಿಗೇ ಕೊಟ್ಟು ಕಚ್ಚಿದೆ. ಟಕ್ ಎಂದಿತು. ಈ ಸಲ ಮುರಿದದ್ದು ಕೋಡುಬಳೆ. "ಹದ ಸರಿಯಾಗಿದೆ," ಎಂದೆ. "ಹೋದ ಸಲ ಒಂದು ಹದ ಮುಂದೆ ಹೋಗಿತ್ತು." ಅಷ್ಟು ದಿನಕ್ಕೆ ಆ ವಿಷಯದಲ್ಲಿ ನಾನು ಹೇಳಿದ ಮೊದಲ ನಿಜ. "ಅದನ್ನ ಹೇಳೋಕೆ ಇಪ್ಪತ್ತೆಂಟು ದಿನದ ಕ್ಯೂರಿಂಗ್ ಬೇಡವಾಗಿತ್ತು," ಎಂದು ಅವಳೂ ಒಂದು ತೆಗೆದುಕೊಂಡಳು.

ಆ ಹಲ್ಲು ಇವತ್ತಿಗೂ ಇದ್ದಲ್ಲೇ ಇದೆ. ಬಾಂದ್ರಾದ ಲೋಟದಲ್ಲಿ ಪ್ರತಿ ಸಂಕ್ರಾಂತಿ ಕಾಫಿ ಕುಡಿಯುತ್ತೇನೆ. ತಾರೀಖಿನ ಜಾಗ ಇನ್ನೂ ಖಾಲಿ. ಏಳು ದಿನದ ಮಹಿಮೆಯನ್ನು ಭಾವ ಈಗ ತನ್ನ ಆಫೀಸಿನವರಿಗೆಲ್ಲ ಹೇಳುತ್ತಾನಂತೆ. ನಾನು ತಿದ್ದಲು ಹೋಗಿಲ್ಲ. ನನ್ನಲ್ಲಿ ಆದ ಬದಲಾವಣೆ ಒಂದೇ. ಯಾರಾದರೂ ನನ್ನ ಮಾತನ್ನು ತಕ್ಷಣ ಒಪ್ಪಿಕೊಂಡರೆ, ಮೊದಲು ತಲೆಯೆತ್ತಿ ಎಲ್ಲಿ ಬಲ್ಬು ಸುಟ್ಟಿದೆ ಎಂದು ನೋಡುತ್ತೇನೆ. ಮೊನ್ನೆ ಊಟದ ಹೊತ್ತಿಗೆ ನಾನು ಏನೋ ಹೇಳಿದೆ. ವಿಶಾಲು, "ಹೌದು, ನೀವು ಹೇಳೋದೇ ಸರಿ," ಎಂದುಬಿಟ್ಟಳು. ನಾನು ಅನ್ನ ಬಿಟ್ಟು ಎದ್ದು ಮನೆಯ ಬಲ್ಬುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ ಬಂದೆ. ಎಲ್ಲವೂ ಉರಿಯುತ್ತಿವೆ. ಇನ್ನೂ ಹುಡುಕುತ್ತಿದ್ದೇನೆ.